ಪಟ್ಟಿಯಲ್ಲಿಲ್ಲದ ಫ್ರಾನ್ಸ್

ಫ್ರಾನ್ಸಿಗೆ ರಜೆ ಕಳೆಯಲು ಹೊರಟವರಿಗೆ ಪ್ರವಾಸ ಕಂಪನಿಗಳು ಸಾಮಾನ್ಯವಾಗಿ ಎರಡು ಪಟ್ಟಿಗಳನ್ನು ಕೊಡುತ್ತವೆ. ಮೊದಲನೆಯದರಲ್ಲಿ ವಿಮಾನ, ಹೋಟೆಲು, ಬೆಳಗಿನ ತಿಂಡಿ, ಬಸ್ಸಿನಲ್ಲಿ ಕೂತು ಪ್ಯಾರಿಸ್ ನಗರಕ್ಕೆ ಒಂದು ಸುತ್ತು ಇರುತ್ತದೆ. ಇದರ ಹಣವನ್ನು ಊರಿನಲ್ಲೇ ಕಟ್ಟಿರುತ್ತೇವೆ. ಎರಡನೆಯದು 'ಆಪ್ಷನಲ್ ಟೂರು'ಗಳ ಪಟ್ಟಿ. ವರ್ಸೇಲ್ಸ್ ಅರಮನೆಗೆ ಅರ್ಧ ದಿನ, ಲ್ವಾರ್ ನದಿಯ ದಂಡೆಯ ಕೋಟೆಗಳಿಗೆ ಒಂದು ದಿನ, ಚಿತ್ರಕಾರ ಮೊನೆಯ ಜಿವರ್ನಿ ತೋಟ, ನಾರ್ಮಂಡಿಯ ಕಡಲತೀರ, ರಾತ್ರಿ ಸೇನ್ ನದಿಯಲ್ಲಿ ದೋಣಿ ವಿಹಾರ. ಬೇಕಾದವರು ಯೂರೋ ಎಣಿಸಿ ಗೈಡಿನ ಹಿಂದೆ ಹೊರಡಬಹುದು. ಬೇಡವಾದವರು ಹೋಟೆಲಿನ ಸುತ್ತಮುತ್ತ ಅಡ್ಡಾಡಿಕೊಂಡಿರಬಹುದು.

ನೋಡಲು ಇದು ಬರೀ ವ್ಯಾಪಾರದ ಕಾಗದ. ಆದರೆ ಒಂದು ದೇಶ ತನ್ನ ಹಿಂದಿನ ದಿನಗಳಲ್ಲಿ ಯಾವುದನ್ನು ನೆಂಟರೆದುರು ಇಡಲು ಬಯಸುತ್ತದೆ, ಯಾವುದನ್ನು ಹಿತ್ತಲಲ್ಲಿ ಇಡುತ್ತದೆ ಎಂಬುದು ಈ ಕಾಗದದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ದಪ್ಪ ಪುಸ್ತಕಗಳಲ್ಲೂ ಕಾಣುವುದಿಲ್ಲ. ಇತಿಹಾಸವನ್ನು ಶಾಲೆಯಲ್ಲಿ ಬಿಟ್ಟು ಬಂದವರು ಮತ್ತೆ ಅದನ್ನು ಕೇಳಿಸಿಕೊಳ್ಳುವುದು ಗೈಡುಗಳ ಬಾಯಿಂದಲೇ. ಹಾಗಾಗಿ ಈ ಪಟ್ಟಿ ಎಲ್ಲಿಂದ ಬಂತು, ಯಾರನ್ನು ಒಳಗೆ ಕರೆಯಿತು, ಯಾರನ್ನು ಹೊರಗೆ ನಿಲ್ಲಿಸಿತು ಎಂದು ನಾವು ಕೇಳಲೇಬೇಕು. ಕೇಳುತ್ತಾ ಹೋದರೆ ದಾರಿ ನಮ್ಮ ಶ್ರೀರಂಗಪಟ್ಟಣದ ತನಕ ಬರುತ್ತದೆ.

ನೋಡಲು ಹೋದವರೇ ನೋಟವಾದರು

ವರ್ಸೇಲ್ಸ್ ಅರಮನೆಗೆ ಹೋಗುವ ಪ್ರತಿಯೊಂದು ಗುಂಪೂ ಹರ್ಕ್ಯುಲಿಸ್ ಹೆಸರಿನ ದೊಡ್ಡ ಹಜಾರವನ್ನು ದಾಟಿಕೊಂಡೇ ಮುಂದಿನ ಕೋಣೆಗಳಿಗೆ ಹೋಗುತ್ತದೆ. ಗೈಡು ಚಾವಣಿಯ ಚಿತ್ರ ತೋರಿಸುತ್ತಾನೆ, ಎಲ್ಲರೂ ಕತ್ತೆತ್ತಿ ನೋಡುತ್ತಾರೆ, ಗುಂಪು ಮುಂದೆ ಸಾಗುತ್ತದೆ. 1788ರ ಆಗಸ್ಟ್ 10ರಂದು ಇದೇ ಹಜಾರದಲ್ಲಿ ದೊರೆ ಹದಿನಾರನೆಯ ಲೂಯಿಯ ಎದುರು ಮೈಸೂರಿನ ಮೂವರು ರಾಯಭಾರಿಗಳು ನಿಂತಿದ್ದರು. ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್. ಟಿಪ್ಪು ಸುಲ್ತಾನ್ ಇವರನ್ನು ಕಳಿಸಿದ್ದು ಇಂಗ್ಲಿಷರ ವಿರುದ್ಧ ಫ್ರೆಂಚರ ಸೈನ್ಯದ ನೆರವು ಕೇಳಲು. ಜೊತೆಗೆ ಕುಶಲಕರ್ಮಿಗಳನ್ನು ಕರೆತರಲು. ಪುದುಚೇರಿಯಿಂದ ಹಡಗು ಹತ್ತಿದ ಅವರು 1788ರ ಜೂನ್‌ನಲ್ಲಿ ತೂಲೋನ್ ಬಂದರಿನಲ್ಲಿ ಇಳಿದು ಜುಲೈನಲ್ಲಿ ಪ್ಯಾರಿಸ್ ಮುಟ್ಟಿದ್ದರು.

ಫ್ರೆಂಚ್ ಸರಕಾರ ಅವರನ್ನು ಗೌರವದಿಂದ ಊರೆಲ್ಲ ಸುತ್ತಿಸಿತು. ಪಿಂಗಾಣಿಗೆ ಹೆಸರಾದ ಸೆವ್ರ್ ಕಾರ್ಖಾನೆ, ಸೇಂಟ್ ಕ್ಲೌಡ್ ಉದ್ಯಾನ, ನಾಟಕಶಾಲೆ ಎಲ್ಲವನ್ನೂ ತೋರಿಸಿತು. ಆದರೆ ನೋಡಲು ಹೋದವರು ತಾವೇ ನೋಟವಾಗಿಬಿಟ್ಟರು. ಅವರು ಹೋದಲ್ಲೆಲ್ಲ ಜನ ಮುತ್ತಿಕೊಂಡರು. ಉದ್ಯಾನದಲ್ಲಿ ಅವರು ನಡೆದಾಡುವ ದೃಶ್ಯವನ್ನು ಒಬ್ಬ ಚಿತ್ರಕಾರ ಬರೆದ. ರಾಣಿಯ ಚಿತ್ರಕಾರಳಾಗಿದ್ದ ವಿಜೇ ಲ ಬ್ರೂನ್ ದರ್ವೇಶ್ ಖಾನರ ಆಳೆತ್ತರದ ಚಿತ್ರ ಬರೆದಳು. ಆ ಚಿತ್ರ 2019ರ ಜನವರಿಯಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ರಾಯಭಾರಿಗಳು ಕೇಳಲು ಹೋಗಿದ್ದ ಸೈನ್ಯ ಮಾತ್ರ ಸಿಗಲಿಲ್ಲ. ಕೆಲವು ಕುಶಲಕರ್ಮಿಗಳೊಂದಿಗೆ, ಪಿಂಗಾಣಿಯ ಉಡುಗೊರೆಗಳೊಂದಿಗೆ ಅವರು ಹಿಂತಿರುಗಿದರು. ಮುಂದಿನ ವರ್ಷವೇ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು.

ಪಟ್ಟಿಯಲ್ಲಿರುವ ವರ್ಸೇಲ್ಸ್ ಈ ದೊರೆಯ ಕಾಲದ ಮನೆಯಂತೆ ಕಂಡರೂ, ಅದು ಸಾರ್ವಜನಿಕರ ನೋಟಕ್ಕೆ ಸಜ್ಜಾದದ್ದು ಕ್ರಾಂತಿಯ ನಂತರ. 1837ರಲ್ಲಿ ದೊರೆ ಲೂಯಿ ಫಿಲಿಪ್ ಅದನ್ನು ಫ್ರಾನ್ಸಿನ ಕೀರ್ತಿಯನ್ನೆಲ್ಲ ಒಂದೆಡೆ ತೋರಿಸುವ ವಸ್ತುಸಂಗ್ರಹಾಲಯವಾಗಿ ತೆರೆದ. ಎರಡು ವರ್ಷದಲ್ಲೇ ಪ್ಯಾರಿಸ್ಸಿನಿಂದ ಅಲ್ಲಿಗೆ ರೈಲು ಬಂತು. ಅರಮನೆಯ ಕಾರಂಜಿಗಳನ್ನು ಬಿಡುವ ದಿನಗಳಲ್ಲಿ ಜನ ರೈಲು ತುಂಬಿಕೊಂಡು ಹೋಗಿ ಸಂಜೆ ಮರಳುತ್ತಿದ್ದರು. ಅರ್ಧ ದಿನದ ವರ್ಸೇಲ್ಸ್ ವಿಹಾರಕ್ಕೆ ಹೀಗೆ ಸುಮಾರು 185 ವರ್ಷಗಳ ವಯಸ್ಸಾಗಿದೆ. ಅದರ ಮೊದಲ ದೊಡ್ಡ ದುರಂತವೂ ಅಷ್ಟೇ ಹಳೆಯದು. 1842ರ ಮೇ 8ರಂದು ದೊರೆಯ ಹಬ್ಬದ ಕಾರಂಜಿ ನೋಡಿ ಹಿಂತಿರುಗುತ್ತಿದ್ದ ರೈಲು ಮ್ಯೂದೋನ್ ಬಳಿ ಅಚ್ಚು ಮುರಿದು ಉರುಳಿ ಬೆಂಕಿಗೆ ಸಿಕ್ಕಿತು. ಪ್ರಯಾಣಿಕರ ಸುರಕ್ಷತೆಗೆಂದು ಬೋಗಿಗಳ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುವ ಪದ್ಧತಿ ಆಗ ಇತ್ತು. 50ಕ್ಕೂ ಹೆಚ್ಚು ಜನ ಒಳಗೇ ಸತ್ತರು. ದಕ್ಷಿಣ ಧ್ರುವದ ಸಮುದ್ರಗಳನ್ನು ಸುತ್ತಿ ಜೀವಸಹಿತ ಮರಳಿದ್ದ ನಾವಿಕ ದ್ಯುಮೋ ದ್ಯುರ್ವೀಲ್ ಹೆಂಡತಿ, ಮಗನೊಡನೆ ಈ ಒಂದು ದಿನದ ವಿಹಾರದಲ್ಲಿ ಬೆಂದುಹೋದ. ಬೀಗ ಹಾಕುವ ಪದ್ಧತಿ ಆಮೇಲೆ ನಿಂತಿತು.

ಲೂಯಿ ಫಿಲಿಪ್ ಕೀರ್ತಿಯ ಹೆಸರಿನಲ್ಲಿ ತೂಗುಹಾಕಿಸಿದ ಚಿತ್ರಗಳಲ್ಲಿ ಬಹಳಷ್ಟು ಯುದ್ಧದವು. 1830ರಲ್ಲಿ ಆರಂಭವಾದ ಅಲ್ಜೀರಿಯಾ ಆಕ್ರಮಣಕ್ಕಾಗಿಯೇ ಆಫ್ರಿಕಾ ಕೋಣೆಗಳೆಂದು ಪ್ರತ್ಯೇಕ ಕೋಣೆಗಳು ಸಿದ್ಧವಾದವು. ಅಲ್ಲಿನ ಅತಿ ದೊಡ್ಡ ಚಿತ್ರ ಒರಾಸ್ ವೆರ್ನೆ 1845ರಲ್ಲಿ ಬರೆದದ್ದು. ಅದರ ಅಗಲ 21 ಮೀಟರಿಗೂ ಹೆಚ್ಚು. 1843ರ ಮೇ ತಿಂಗಳಲ್ಲಿ ದೊರೆಯ ಮಗ ಅಲ್ಜೀರಿಯಾದ ನಾಯಕ ಅಮೀರ್ ಅಬ್ದುಲ್ ಖಾದಿರರ ಸಂಚಾರಿ ಬಿಡಾರದ ಮೇಲೆ, ಅಮೀರರು ಅಲ್ಲಿಲ್ಲದ ಹೊತ್ತಿನಲ್ಲಿ, ದಾಳಿ ಮಾಡಿದ ದೃಶ್ಯ ಅದು. ಡೇರೆಗಳು ಮುರಿದಿವೆ, ಕುದುರೆಗಳು ನುಗ್ಗುತ್ತಿವೆ, ಹೆಂಗಸರು ಮಕ್ಕಳು ದಿಕ್ಕೆಟ್ಟು ಓಡುತ್ತಿದ್ದಾರೆ. ಇಂದಿನ ಗುಂಪುಗಳ ಮಾಮೂಲಿ ದಾರಿ ದೊರೆಯ ಮಲಗುವ ಕೋಣೆ, ಕನ್ನಡಿಯ ಮಹಲು, ತೋಟ ಇಷ್ಟರಲ್ಲೇ ಮುಗಿಯುತ್ತದೆ. ಆಫ್ರಿಕಾ ಕೋಣೆಗಳು ಆ ದಾರಿಯಿಂದ ಆಚೆ ಇವೆ.

ಅಂಬ್ವಾಜ್ ಕೋಟೆಯ ಎರಡು ಸಮಾಧಿಗಳು

ಪಟ್ಟಿಯಲ್ಲಿ ವರ್ಸೇಲ್ಸ್ ನಂತರದ ಹೆಸರು ಸಾಮಾನ್ಯವಾಗಿ ಲ್ವಾರ್ ದಂಡೆಯ ಕೋಟೆಗಳದು. ಅವುಗಳಲ್ಲಿ ಒಂದು ಅಂಬ್ವಾಜ್. ಕೋಟೆಯ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ಲಿಯೊನಾರ್ಡೊ ಡ ವಿಂಚಿಯ ಸಮಾಧಿಯಿದೆ. 1519ರಲ್ಲಿ ಅವನು ತೀರಿಕೊಂಡದ್ದು ಇದೇ ಊರಿನಲ್ಲಿ. ಗುಂಪುಗಳು ಇಲ್ಲಿ ಸಾಲು ನಿಲ್ಲುತ್ತವೆ, ಫೋಟೋ ತೆಗೆಯುತ್ತವೆ.

ಅದೇ ಕೋಟೆಯ ತೋಟದಲ್ಲಿ ಇನ್ನೊಂದು ಸಮಾಧಿ ಸ್ಥಳವಿದೆ. ಅದು ಅಮೀರ್ ಅಬ್ದುಲ್ ಖಾದಿರರ ಕುಟುಂಬದವರದು, ಸಹಚರರದು. ಹದಿನೈದು ವರ್ಷ ಫ್ರೆಂಚರೊಡನೆ ಹೋರಾಡಿದ ಅಮೀರರು 1847ರ ಡಿಸೆಂಬರಿನಲ್ಲಿ ಒಂದು ಷರತ್ತಿನ ಮೇಲೆ ಶರಣಾದರು. ತಮ್ಮನ್ನೂ ತಮ್ಮವರನ್ನೂ ಅಲೆಕ್ಸಾಂಡ್ರಿಯಾಕ್ಕೋ ಅಕ್ಕಾ ಪಟ್ಟಣಕ್ಕೋ ಕಳಿಸಬೇಕೆಂಬುದು ಆ ಷರತ್ತು. ಫ್ರೆಂಚ್ ಸೇನಾಪತಿಗಳು ಮಾತು ಕೊಟ್ಟರು. ಹಡಗು ಮಾತ್ರ ತೂಲೋನಿಗೆ ಹೋಯಿತು. ಅರವತ್ತು ವರ್ಷಗಳ ಹಿಂದೆ ಟಿಪ್ಪುವಿನ ರಾಯಭಾರಿಗಳು ಅತಿಥಿಗಳಾಗಿ ಇಳಿದಿದ್ದ ಬಂದರಿನಲ್ಲಿ ಅಮೀರರು ಕೈದಿಯಾಗಿ ಇಳಿದರು. ತೂಲೋನಿನಿಂದ ಪೋ ಪಟ್ಟಣದ ಕೋಟೆಗೆ, ಅಲ್ಲಿಂದ 1848ರ ನವೆಂಬರಿನಲ್ಲಿ ಅಂಬ್ವಾಜ್‌ಗೆ ಅವರನ್ನು ಒಯ್ದರು.

ನಾಲ್ಕು ವರ್ಷ ಅವರು ಅಲ್ಲಿದ್ದರು. ಮರುಭೂಮಿಯ ಅಂಚಿನಿಂದ ಬಂದವರಿಗೆ ಆ ತೇವದ ಚಳಿ, ಆ ಕಲ್ಲುಗೋಡೆ ಒಗ್ಗಲಿಲ್ಲ. 25 ಮಂದಿ ಅಲ್ಲೇ ತೀರಿಕೊಂಡರು. ಅಮೀರರನ್ನು ನೋಡಲು ಪಾದ್ರಿಗಳು, ಅಧಿಕಾರಿಗಳು, ಕುತೂಹಲದ ಜನ ಬರುತ್ತಿದ್ದರು. ಅಲ್ಜಿಯರ್ಸ್‌ನ ಬಿಷಪ್ ಆಗಿದ್ದ ದ್ಯುಪುಶ್ ಅವರ ಸ್ನೇಹಿತನಾಗಿ, ಕೊಟ್ಟ ಮಾತು ಉಳಿಸಿಕೊಳ್ಳಿ ಎಂದು ತನ್ನ ಸರಕಾರಕ್ಕೇ ಬುದ್ಧಿ ಹೇಳುವ ಪುಸ್ತಕವನ್ನು 1849ರಲ್ಲಿ ಬರೆದ. ಒಬ್ಬ ಕ್ರೈಸ್ತ ಧರ್ಮಗುರು ಸೆರೆಯಲ್ಲಿದ್ದ ಮುಸ್ಲಿಂ ನಾಯಕನ ಪರ ನಿಂತ ಈ ಸಂಗತಿ ಗೈಡುಗಳು ಹೇಳುವ ಯಾವ ರಾಜರಾಣಿಯರ ಕತೆಗೂ ಕಡಿಮೆಯಾದದ್ದಲ್ಲ.

1852ರ ಅಕ್ಟೋಬರ್ 16ರಂದು ಲೂಯಿ ನೆಪೋಲಿಯನ್ ತಾನೇ ಅಂಬ್ವಾಜ್‌ಗೆ ಬಂದು ಬಿಡುಗಡೆಯ ಸುದ್ದಿ ತಿಳಿಸಿದ. ಆಮೇಲೆ ಅಮೀರರನ್ನು ಪ್ಯಾರಿಸ್ಸಿಗೆ ಕರೆದೊಯ್ದು ನೋತ್ರದಾಮ್ ಚರ್ಚು, ನೆಪೋಲಿಯನ್ನನ ಸಮಾಧಿ ಇರುವ ಇನ್ವಾಲಿದ್, ಸರಕಾರಿ ಮುದ್ರಣಾಲಯ ಮುಂತಾದವನ್ನು ತೋರಿಸಿದರು. ನಿನ್ನೆಯ ಕೈದಿ ಇವತ್ತು ಗೌರವದ ಪ್ರವಾಸಿ! ಬಿಡುಗಡೆಯ ದೃಶ್ಯವೂ 1861ರಲ್ಲಿ ಚಿತ್ರವಾಗಿ ವರ್ಸೇಲ್ಸ್ ಸಂಗ್ರಹ ಸೇರಿತು. ಆ ಚಿತ್ರದಲ್ಲಿ ಅಮೀರರ ವೃದ್ಧ ತಾಯಿ ನೆಪೋಲಿಯನ್ನನ ಕೈಗೆ ಮುತ್ತಿಡುತ್ತಿದ್ದಾರೆ. ಮಾತು ಮುರಿದದ್ದು ಚಿತ್ರದಲ್ಲಿ ಎಲ್ಲೂ ಇಲ್ಲ, ಕರುಣೆ ಮಾತ್ರ ಕಾಣುತ್ತದೆ. ಅಮೀರರು ಕೊನೆಗೆ ಡಮಾಸ್ಕಸ್‌ನಲ್ಲಿ ನೆಲೆಸಿದರು. 1860ರಲ್ಲಿ ಅಲ್ಲಿ ಕ್ರೈಸ್ತರ ಹತ್ಯಾಕಾಂಡ ನಡೆದಾಗ ತಮ್ಮ ಅಲ್ಜೀರಿಯನ್ ಸಂಗಡಿಗರೊಂದಿಗೆ ಬೀದಿಗಿಳಿದು ಸಾವಿರಾರು ಕ್ರೈಸ್ತರ ಪ್ರಾಣ ಉಳಿಸಿದರು. ತಮ್ಮ ಮನೆಮಂದಿಯನ್ನು ಪರದೇಶದ ಚಳಿಯಲ್ಲಿ ಹೂತು ಬಂದವರು ಸೇಡಿನ ಲೆಕ್ಕ ಹಾಕಲಿಲ್ಲ.

ಕುಕ್ ಸಾಹೇಬರ ಟಿಕೇಟು

ಅಮೀರರ ಪ್ಯಾರಿಸ್ ಸುತ್ತಾಟವನ್ನು ಸರಕಾರ ಏರ್ಪಡಿಸಿತ್ತು. ಇಂಥದೇ ಸುತ್ತಾಟವನ್ನು ಸಾಮಾನ್ಯ ಜನರಿಗೆ ಮಾರುವ ವ್ಯಾಪಾರ ಅದರ ಬೆನ್ನಿಗೇ ಬಂತು. ಇಂಗ್ಲೆಂಡಿನ ಥಾಮಸ್ ಕುಕ್ ಮದ್ಯಪಾನ ವಿರೋಧಿ ಚಳವಳಿಯ ಧರ್ಮಭೀರು ಮನುಷ್ಯ. 1841ರ ಜುಲೈ 5ರಂದು ಸುಮಾರು 500 ಜನರನ್ನು ಲೆಸ್ಟರ್ ಊರಿನಿಂದ ಹತ್ತಿರದ ಲಫ್‌ಬರೋಗೆ ಮದ್ಯಪಾನ ವಿರೋಧಿ ಸಭೆಗೆಂದು ಒಂದು ಶಿಲ್ಲಿಂಗ್ ದರದಲ್ಲಿ ರೈಲಿನಲ್ಲಿ ಕರೆದೊಯ್ದದ್ದು ಅವನ ಮೊದಲ ಪ್ರವಾಸ. 1855ರಲ್ಲಿ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಪ್ರದರ್ಶನದ ವರ್ಷ ಅವನು ಮೊದಲ ಬಾರಿ ಗುಂಪನ್ನು ಯುರೋಪಿಗೆ ಕರೆತಂದ. 1861ರಲ್ಲಿ ದುಡಿಯುವ ಜನರಿಗೆಂದೇ ಪ್ಯಾರಿಸ್ ಪ್ರವಾಸ ಏರ್ಪಡಿಸಿದ. 1868ರಲ್ಲಿ ಹೋಟೆಲ್ ಕೂಪನ್ ತಂದ. ಪ್ರಯಾಣ ಒಂದು ಚೀಟಿ, ಊಟ ವಸತಿ ಇನ್ನೊಂದು ಚೀಟಿ, ಗೈಡಿನೊಡನೆ ಗಾಡಿಯಲ್ಲಿ ಊರು ಸುತ್ತುವುದು ಮತ್ತೊಂದು. ರಜೆಯನ್ನು ಹೀಗೆ ತುಂಡು ತುಂಡಾಗಿ ಮಾರಬಹುದೆಂಬ ಜಾಣ್ಮೆಯೇ ಇಂದಿನ ಎರಡನೆಯ ಪಟ್ಟಿಯ ಮೂಲ. ಬಡವನೂ ಪರದೇಶ ನೋಡುವಂತಾದದ್ದು ಸಣ್ಣ ಉಪಕಾರವಲ್ಲ. 1886ರಲ್ಲಿ ಬ್ರಿಟಿಷ್ ಸರಕಾರ ಬೊಂಬಾಯಿಯಿಂದ ಹೊರಡುವ ಹಜ್ ಯಾತ್ರಿಕರ ಪ್ರಯಾಣದ ವ್ಯವಸ್ಥೆಯನ್ನು ಕೆಲವು ವರ್ಷಗಳ ಮಟ್ಟಿಗೆ ಇದೇ ಕುಕ್ ಕಂಪನಿಗೆ ವಹಿಸಿತ್ತು ಎಂಬುದನ್ನು ನಮ್ಮಲ್ಲಿ ಅನೇಕರು ಮರೆತಿದ್ದಾರೆ. 2019ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಆ ಹಳೆಯ ಕಂಪನಿ ದಿವಾಳಿಯಾಯಿತು. ಅದು ಕಲಿಸಿದ ಪದ್ಧತಿ ಉಳಿದುಕೊಂಡಿತು.

ಆ ಕಾಲದ ಪ್ಯಾರಿಸ್ ಪಟ್ಟಿಯಲ್ಲಿ ವಿಚಿತ್ರಗಳೂ ಇದ್ದವು. ಗುರುತು ಸಿಗದ ಹೆಣಗಳನ್ನು ಗಾಜಿನ ಹಿಂದೆ ಇಡುತ್ತಿದ್ದ ನಗರದ ಶವಾಗಾರವನ್ನೂ ಪ್ರವಾಸಿಗಳಿಗೆ ತೋರಿಸುತ್ತಿದ್ದರು. 1907ರಲ್ಲಿ ಸಾರ್ವಜನಿಕರಿಗೆ ಅದು ಮುಚ್ಚಿತು. 1867ರಿಂದ ನೆಲದಡಿಯ ಚರಂಡಿಗಳನ್ನೂ ತೋರಿಸತೊಡಗಿದರು. ಹೆಣ, ಚರಂಡಿಗಳಿಗೂ ಪಟ್ಟಿಯಲ್ಲಿ ಜಾಗ ಸಿಕ್ಕಿತ್ತೆಂಬುದನ್ನು ನೆನಪಿನಲ್ಲಿಟ್ಟುಕೊಳ್ಳೋಣ.

ಈ ದಾರಿಯಲ್ಲೇ 1869ರಲ್ಲಿ ಸರ್ ಸೈಯದ್ ಅಹ್ಮದ್ ಖಾನ್ ಬಂದರು. ಇಂಗ್ಲೆಂಡಿಗೆ ಹೋಗುವ ದಾರಿಯಲ್ಲಿ ಮಾರ್ಸೇಲ್ಸ್, ಪ್ಯಾರಿಸ್ ನೋಡಿ, ವರ್ಸೇಲ್ಸ್ ಅರಮನೆಗೂ ಹೋದರು. ಯುರೋಪಿನ ಶುಚಿತ್ವ, ವಿದ್ಯೆ, ಶಿಸ್ತನ್ನು ಬಾಯಿತುಂಬ ಹೊಗಳಿದ ಅವರ ಉರ್ದು ಸಫರ್‌ನಾಮೆಯಲ್ಲಿ ಅಲ್ಜೀರಿಯಾ ಯುದ್ಧದ ಚಿತ್ರಗಳ ಮುಂದೆ ಮನಸ್ಸು ನೊಂದ ಮಾತೂ ಇದೆ. ಸೆರೆಸಿಕ್ಕ ಹೆಂಗಸರನ್ನು ಗೆಲುವಿನ ಗುರುತಾಗಿ ಗೋಡೆಗೆ ತೂಗುಹಾಕಿದ್ದು ಅವರಿಗೆ ಒಪ್ಪಿಗೆಯಾಗಲಿಲ್ಲ. ಮೆಚ್ಚಬೇಕಾದದ್ದನ್ನು ಮೆಚ್ಚುವುದು, ನೋಯಬೇಕಾದಲ್ಲಿ ನೋಯುವುದು ಎರಡನ್ನೂ ಒಂದೇ ಭೇಟಿಯಲ್ಲಿ ಮಾಡಿದ ಪ್ರವಾಸಿ ಅವರು. ಸಂಚಾರದಿಂದ 'ಇಬ್ರತ್', ಅಂದರೆ ಪಾಠ, ಪಡೆಯಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ ಇರಬೇಕು.

ಒಂದೇ ದಿನದಲ್ಲಿ ಸಾಮ್ರಾಜ್ಯ ದರ್ಶನ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ವಸಾಹತುಗಳ ಜನರನ್ನೇ ಪ್ಯಾರಿಸ್ಸಿಗೆ ತಂದು ತೋರಿಸುವ ಪರಿಪಾಠ ಬೆಳೆಯಿತು. ಐಫೆಲ್ ಗೋಪುರ ಎದ್ದುನಿಂತ 1889ರ ಪ್ರದರ್ಶನದಲ್ಲಿ ಕೈರೋದ ಒಂದು ಬೀದಿಯನ್ನೇ ಕಟ್ಟಿದ್ದರು. ಕೈರೋದಿಂದ ಕತ್ತೆಗಳನ್ನೂ ಕತ್ತೆ ಹೊಡೆಯುವವರನ್ನೂ ತಂದಿದ್ದರು. ಮಸೀದಿಯ ಮುಂಭಾಗ, ಮಿನಾರು ಎಲ್ಲ ಇತ್ತು. ಸ್ವೀಡನ್ನಿನ ವಿದ್ವಾಂಸರ ಸಮ್ಮೇಳನಕ್ಕೆ ಹೊರಟಿದ್ದ ಈಜಿಪ್ಟಿನ ಪ್ರತಿನಿಧಿಗಳು ಆ ಬಾಗಿಲು ದಾಟಿದರೆ ಒಳಗೆ ಇದ್ದದ್ದು ಹೆಂಗಸರು ಕುಣಿಯುವ ಕಾಫಿ ಅಂಗಡಿ. ಅವರು ಬೇಸರದಿಂದ ಹೊರಬಂದರು.

1931ರ ವಸಾಹತು ಪ್ರದರ್ಶನ ಇದರ ಪರಮಾವಧಿ. ಒಂದೇ ದಿನದಲ್ಲಿ ಪ್ರಪಂಚ ಪರ್ಯಟನೆ ಎಂಬುದು ಅದರ ಘೋಷಣೆ. ಪ್ಯಾರಿಸ್ಸಿನ ಅಂಚಿನ ವಾನ್ಸೆನ್ ಕಾಡಿನಲ್ಲಿ ಕಾಂಬೋಡಿಯದ ಅಂಕೋರ್ ದೇವಾಲಯದ ಪ್ರತಿರೂಪ, ಪಶ್ಚಿಮ ಆಫ್ರಿಕಾದ ಮಣ್ಣಿನ ಕೋಟೆ, ಮಸೀದಿಗಳು ಎದ್ದವು. 3 ಕೋಟಿಗೂ ಹೆಚ್ಚು ಟಿಕೇಟು ಮಾರಾಟವಾದವು. ಹೋಗಬೇಡಿ ಎಂದು ಕರಪತ್ರ ಹಂಚಿದ ಫ್ರೆಂಚ್ ಕವಿಗಳೂ ಇದ್ದರು, ಕೇಳಿದವರು ಕಡಿಮೆ. ಐದು ವರ್ಷದ ನಂತರ, 1936ರ ಜೂನ್‌ನಲ್ಲಿ, ಫ್ರಾನ್ಸಿನ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಕಾನೂನಾಯಿತು. ಅವರಿಗಾಗಿ ರೈಲು ದರದಲ್ಲಿ ಶೇ. 40 ರಿಯಾಯಿತಿ ಬಂತು. ದುಡಿಯುವವನು ಕಡಲು ನೋಡುವ ಹಕ್ಕು ಪಡೆದ ಆ ಕಾನೂನು ನಿಜಕ್ಕೂ ದೊಡ್ಡದು. ಆದರೆ ಅವನ ಕಣ್ಣಿಗೆ ಆಫ್ರಿಕಾದ, ಏಷ್ಯಾದ ಮನುಷ್ಯನನ್ನು ಅಷ್ಟರಲ್ಲೇ ತಮಾಷೆಯ ವಸ್ತುವಾಗಿ ಪರಿಚಯಿಸಲಾಗಿತ್ತು.

ಅದೇ ಮನುಷ್ಯ ಫ್ರಾನ್ಸಿನ ಮಣ್ಣಿನಲ್ಲಿ ಸತ್ತೂ ಇದ್ದ. ಮೊದಲ ಮಹಾಯುದ್ಧದಲ್ಲಿ ಅಲ್ಜೀರಿಯಾ, ಮೊರಾಕೊ, ಟುನೀಸಿಯಾ, ಸೆನೆಗಲ್‌ಗಳ ಸೈನಿಕರು ಫ್ರಾನ್ಸಿಗಾಗಿ ಹೋರಾಡಿದರು. ಅವರ ನೆನಪಿಗೆಂದು ಕಟ್ಟಿದ ಪ್ಯಾರಿಸ್ಸಿನ ದೊಡ್ಡ ಮಸೀದಿಯನ್ನು 1926ರ ಜುಲೈ 15ರಂದು ಮೊರಾಕೊದ ಸುಲ್ತಾನರೊಡನೆ ಫ್ರಾನ್ಸಿನ ಅಧ್ಯಕ್ಷರು ಉದ್ಘಾಟಿಸಿದರು. ಇದರ ಮಿನಾರಿನ ಎತ್ತರ 33 ಮೀಟರ್. ಭಾರತದಿಂದಲೂ ಒಂದು ಲಕ್ಷಕ್ಕೂ ಮಿಕ್ಕಿದ ಸೈನಿಕರು, ಕೂಲಿಗಳು ಆ ಯುದ್ಧರಂಗಕ್ಕೆ ಹೋಗಿದ್ದರು. ಉತ್ತರ ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ 1915ರ ಮಾರ್ಚ್ 10ರಿಂದ 13ರವರೆಗೆ ನಡೆದ ಕಾಳಗದಲ್ಲಿ ಭಾರತೀಯ ದಳಗಳು ಮುಂಚೂಣಿಯಲ್ಲಿದ್ದವು. 1927ರ ಅಕ್ಟೋಬರಿನಲ್ಲಿ ಅಲ್ಲಿ ತೆರೆದ ಸ್ಮಾರಕದಲ್ಲಿ ಗೋರಿಯೂ ಇಲ್ಲದೆ ಹೋದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಮುಸ್ಲಿಮರು, ಸಿಖ್ಖರು, ಹಿಂದೂಗಳು ಒಂದೇ ಗೋಡೆಯಲ್ಲಿದ್ದಾರೆ. ದೇವನೊಬ್ಬನೇ ಎಂಬ ಮಾತನ್ನು ಅಲ್ಲಿ ಇಂಗ್ಲಿಷ್, ಅರೇಬಿಕ್, ಹಿಂದಿ, ಗುರುಮುಖಿಗಳಲ್ಲಿ ಕೆತ್ತಿದ್ದಾರೆ.

ಎರಡನೆಯ ಮಹಾಯುದ್ಧದ ಮಾತೂ ಹೀಗೆಯೇ. ನಾರ್ಮಂಡಿಯ ಕಡಲತೀರಕ್ಕೆ ಪ್ಯಾರಿಸ್ಸಿನಿಂದ ದಿನವೂ ಬಸ್ಸುಗಳು ಹೋಗುತ್ತವೆ. 1944ರ ಆಗಸ್ಟ್ 15ರಂದು ದಕ್ಷಿಣದ ಪ್ರೊವಾನ್ಸ್ ತೀರದಲ್ಲಿ ನಡೆದ ಇನ್ನೊಂದು ಇಳಿದಾಣವನ್ನು ಕೇಳಿದವರೇ ಕಡಿಮೆ. ಅಲ್ಲಿನ ಫ್ರೆಂಚ್ ಸೈನ್ಯದ ದೊಡ್ಡ ಪಾಲು ಆಫ್ರಿಕಾದಿಂದ ಬಂದದ್ದು. 2006ರಲ್ಲಿ ರಶೀದ್ ಬೂಶಾರೆಬ್ ಅವರ 'ಅಂದಿಜೆನ್' ಸಿನಿಮಾ ಬಂದ ಮೇಲೆ ಮಾತ್ರ ಆ ಮುದುಕರ ಪಿಂಚಣಿಯನ್ನು ಫ್ರೆಂಚ್ ಸೈನಿಕರಿಗೆ ಸಮನಾಗಿಸಲು ಸರಕಾರ ಮುಂದಾಯಿತು.

ಗೈಡಿಗೆ ಒಂದು ಪ್ರಶ್ನೆ

ಇದನ್ನೆಲ್ಲ ಯಾರೋ ಕೂತು ಪಿತೂರಿ ಮಾಡಿ ಪಟ್ಟಿಯಿಂದ ಅಳಿಸಿದರು ಎಂದು ನಾವು ಹೇಳುತ್ತಿಲ್ಲ. ಬಸ್ಸು ತುಂಬಬೇಕು, ಸಂಜೆಯೊಳಗೆ ಮರಳಬೇಕು, ಜನ ಕೇಳಿದ ಹೆಸರುಗಳೇ ಮಾರಾಟವಾಗಬೇಕು. ಜನ ಕೇಳುವುದು ತಮಗೆ ಗೊತ್ತಿರುವುದನ್ನು. ಗೊತ್ತಿರುವುದು ಹಿಂದೆ ತೋರಿಸಿದ್ದು. ಹೀಗೆ ಒಂದು ಕಾಲದ ದೊರೆಗಳ ಆಯ್ಕೆ ವ್ಯಾಪಾರದ ರೂಢಿಯಾಗಿ ಉಳಿದುಬಿಡುತ್ತದೆ.

ಅದನ್ನು ಸಡಿಲಿಸುವ ಕೆಲಸ ಫ್ರಾನ್ಸಿನ ಒಳಗಿನಿಂದಲೇ ನಡೆದಿದೆ ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅಂಬ್ವಾಜ್ ಕೋಟೆಯಲ್ಲಿ 2005ರಲ್ಲಿ ಅಲ್ಜೀರಿಯಾ ಮೂಲದ ಕಲಾವಿದ ರಶೀದ್ ಕುರೈಶಿ ಆ 25 ಮಂದಿಗೆ 25 ಕಲ್ಲುಗಳನ್ನು ನಿಲ್ಲಿಸಿ ಒಂದು ತೋಟ ಮಾಡಿದರು. 2006ರಲ್ಲಿ ವೆರ್ದಾಂ ಬಳಿಯ ದುವಾಮೋನಲ್ಲಿ ಮುಸ್ಲಿಂ ಸೈನಿಕರ ಸ್ಮಾರಕವನ್ನು ಅಧ್ಯಕ್ಷ ಜಾಕ್ ಶಿರಾಕ್ ಉದ್ಘಾಟಿಸಿದರು. 1931ರ ಪ್ರದರ್ಶನಕ್ಕೆಂದು ಕಟ್ಟಿದ ಅರಮನೆಯಲ್ಲೇ 2007ರಲ್ಲಿ ವಲಸಿಗರ ಇತಿಹಾಸದ ವಸ್ತುಸಂಗ್ರಹಾಲಯ ತೆರೆಯಿತು.

ಎಲ್ಲರಿಗೂ ಇದು ಹಿಡಿಸಲಿಲ್ಲ. ನೋತ್ರದಾಮ್ ದ ಲೊರೆತ್‌ನ ಸೈನಿಕ ಸ್ಮಶಾನದಲ್ಲಿ ಮುಸ್ಲಿಂ ಗೋರಿಗಳನ್ನು 2007ರಲ್ಲೂ 2008ರಲ್ಲೂ ವಿರೂಪಗೊಳಿಸಿದರು. 2022ರ ಫೆಬ್ರವರಿ 5ರಂದು ಅಂಬ್ವಾಜ್‌ನಲ್ಲಿ ಅಮೀರರ ಉಕ್ಕಿನ ಶಿಲ್ಪದ ಉದ್ಘಾಟನೆಗೆ ಜನ ಸೇರುವ ಹೊತ್ತಿಗೆ ಯಾರೋ ಅದನ್ನು ಕತ್ತರಿಸಿ ಹಾಳುಗೆಡವಿದ್ದರು. ಊರಿನವರು ಹಿಂಜರಿಯದೆ, ಆ ಮುರಿದ ಶಿಲ್ಪದ ಮುಂದೆಯೇ ಸಮಾರಂಭ ನಡೆಸಿದರು. ಇಂದು ಫ್ರಾನ್ಸಿನಲ್ಲಿ ಮುಸ್ಲಿಮರು ನಿನ್ನೆ ಮೊನ್ನೆ ಬಂದವರೆಂದು ಚುನಾವಣೆ ಚುನಾವಣೆಗೂ ಹೇಳುವವರಿದ್ದಾರೆ. ಅವರಿಗೆ ಈ ಕಲ್ಲುಗಳು ಯಾಕೆ ಕಣ್ಣು ಚುಚ್ಚುತ್ತವೆಂದು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ.

ಆದ್ದರಿಂದ ಆಪ್ಷನಲ್ ಟೂರಿಗೆ ಹೋಗಬೇಡಿ ಎಂದು ಯಾರಿಗೂ ಹೇಳಬೇಕಾಗಿಲ್ಲ. ಹೋಗಲಿ. ಕನ್ನಡಿಯ ಮಹಲು ಚೆನ್ನಾಗಿದೆ, ಲಿಯೊನಾರ್ಡೊ ಇಡೀ ಮನುಕುಲಕ್ಕೆ ಸೇರಿದವನು. ಹರ್ಕ್ಯುಲಿಸ್ ಹಜಾರದಲ್ಲಿ ನಿಂತಾಗ ಮೈಸೂರಿನವರು ಎಲ್ಲಿ ನಿಂತಿದ್ದರೆಂದು ಗೈಡನ್ನು ಕೇಳಿದರೆ ಸಾಕು. ಅಂಬ್ವಾಜ್‌ನಲ್ಲಿ ತೋಟದ ಕಡೆಗೆ ಹತ್ತು ನಿಮಿಷ ಬೇಕೆಂದು ಹೇಳಿ, ಆ 25 ಕಲ್ಲುಗಳ ಮುಂದೆ ನಿಂತು ಒಂದು ಫಾತಿಹಾ ಓದಬಹುದು. ಓದು ಬಾರದವರು ಸುಮ್ಮನೆ ನಿಲ್ಲಬಹುದು. ವರ್ಷಕ್ಕೆ ನೂರು ಜನ ಕೇಳಿದ ಪ್ರಶ್ನೆಗೆ ಗೈಡು ಉತ್ತರ ಹುಡುಕಿಟ್ಟುಕೊಳ್ಳುತ್ತಾನೆ. ಸಾವಿರ ಜನ ಕೇಳಿದರೆ ಕಂಪನಿಯವರು ಪಟ್ಟಿಯಲ್ಲೇ ಬರೆಯುತ್ತಾರೆ.

ಈ ಪ್ರಶ್ನೆಯನ್ನು ನಮ್ಮ ನೆಲದಲ್ಲೂ ಕೇಳುವ ಧೈರ್ಯ ನಮಗೆ ಬೇಕು. ಬೆಂಗಳೂರಿನಿಂದ ಒಂದು ದಿನದ ಮೈಸೂರು ಪ್ರವಾಸಕ್ಕೆ ಹೊರಟ ಬಸ್ಸುಗಳು ಶ್ರೀರಂಗಪಟ್ಟಣದಲ್ಲಿ ನಿಲ್ಲುತ್ತವೆ. ದರಿಯಾ ದೌಲತ್‌ನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅದರಲ್ಲಿ ಹೈದರ್, ಟಿಪ್ಪುವಿನ ಜೊತೆಗೆ ಕೈಯಲ್ಲಿ ದುರ್ಬೀನು ಹಿಡಿದ ಫ್ರೆಂಚ್ ಸರದಾರ ಲಾಲಿಯೂ ಇದ್ದಾನೆ. ಸೋತ ಇಂಗ್ಲಿಷರೂ ಇದ್ದಾರೆ. ಅಲ್ಲಿಗೆ ಬಂದ ಫ್ರೆಂಚ್ ಪ್ರವಾಸಿ ನಮ್ಮ ಗೋಡೆಯ ಮೇಲೆ ತನ್ನವನನ್ನು ಕಂಡು ಏನು ಕೇಳುತ್ತಾನೋ, ಅದಕ್ಕೆ ನಮ್ಮ ಗೈಡು ಏನು ಹೇಳುತ್ತಾನೋ ಒಮ್ಮೆ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಿ. ಆ ಯುದ್ಧದಲ್ಲಿ ಸತ್ತ ಮೈಸೂರಿನ ಸಾಮಾನ್ಯ ಸಿಪಾಯಿಯ ಹೆಸರು ಅಲ್ಲಿ ಯಾವ ಕಲ್ಲಿನ ಮೇಲೂ ಇಲ್ಲ. ನವ್ ಶಾಪೆಲ್‌ನ ಗೋಡೆಯಲ್ಲಾದರೂ ಅವನ ಮೊಮ್ಮಕ್ಕಳ ಕಾಲದವರ ಹೆಸರುಗಳಿವೆ.